ಮೂರು ಸಾಲಿನ ಪ್ಯಾಚ್, ಮೂರು ಪುಟದ ಪುರಾವೆ

ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಹೋಮ್ ಕಂಪ್ಯೂಟರಿನ ಓಪನ್ ಸೋರ್ಸ್ ಎಮ್ಯುಲೇಟರ್ ಒಂದಕ್ಕೆ, ಅಂದರೆ ಆ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಮಿಗೆ, ಕೆಲವು ವರ್ಷಗಳಿಂದ, ಕಚೇರಿಯ ಕೆಲಸ ಮುಗಿದ ಮೇಲೆ ಉಳಿಯುವ ರಾತ್ರಿಯ ಹೊತ್ತಿನಲ್ಲಿ, ನಾನು ಅಷ್ಟಿಷ್ಟು ಕೆಲಸ ಮಾಡಿಕೊಂಡು ಬಂದಿದ್ದೇನೆ. ಈ ಮಾತು ಕೇಳಿದ ಸಾಫ್ಟ್‌ವೇರ್ ಗೆಳೆಯರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಎಷ್ಟು ಕೋಡ್ ಬರೆದಿರಿ ಎಂಬುದು. ಉತ್ತರ ಹೇಳಿದರೆ ಅವರಿಗೆ ನಿರಾಶೆಯಾಗುತ್ತದೆ. ನನ್ನ ಹೆಸರಿನಲ್ಲಿ ಸೇರ್ಪಡೆಯಾದ ಬದಲಾವಣೆಗಳಲ್ಲಿ, ಅಂದರೆ ಪ್ಯಾಚುಗಳಲ್ಲಿ, ಹೆಚ್ಚಿನವು ನಾಲ್ಕೈದು ಸಾಲಿನವು. ಕೆಲವಂತೂ ಒಂದು ಅಂಕಿಯನ್ನು ಇನ್ನೊಂದಕ್ಕೆ ತಿದ್ದಿದವು. ಆದರೆ ಆ ತಿದ್ದುಪಡಿಯ ಜೊತೆಗೆ ಕಳಿಸಿದ ವಿವರಣೆ, ಪರೀಕ್ಷಾ ಪ್ರೋಗ್ರಾಮು, ನಿಜವಾದ ಯಂತ್ರದ ಪರದೆಯ ಛಾಯಾಚಿತ್ರ, ಇವೆಲ್ಲ ಸೇರಿ ಪುಟಗಟ್ಟಲೆ ಆಗುತ್ತವೆ. ಎಮ್ಯುಲೇಶನ್ ಕ್ಷೇತ್ರದಲ್ಲಿ ಕೋಡ್ ಬರೆಯುವವರಿಗೆ ಬರವಿಲ್ಲ, ಪುರಾವೆ ತರುವವರಿಗೆ ಬರವಿದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯಬೇಕೆನ್ನುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ, ಮತ್ತು ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಯಂತ್ರದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಸ್ಪೆಕ್ಟ್ರಮ್ ಮಾರುಕಟ್ಟೆಗೆ ಬಂದದ್ದು 1982ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯಿಂದ. 16 ಕಿಲೋಬೈಟ್ ಮೆಮೊರಿಯ ಮಾದರಿಗೆ 125 ಪೌಂಡ್, 48 ಕಿಲೋಬೈಟ್‌ನದಕ್ಕೆ 175 ಪೌಂಡ್ ಬೆಲೆ. ಮನೆಯ ಟಿವಿಯೇ ಪರದೆ, ಕ್ಯಾಸೆಟ್ ಪ್ಲೇಯರೇ ಡಿಸ್ಕು. ಒಳಗೆ 3.5 ಮೆಗಾಹರ್ಟ್ಸ್ ವೇಗದ ಝಡ್80 ಪ್ರೊಸೆಸರ್, 16 ಕಿಲೋಬೈಟ್‌ನ ರೋಮ್ ಎಂಬ, ಓದಲು ಮಾತ್ರ ಬರುವ ಮೆಮೊರಿ, ಅದರಲ್ಲಿ ಬೇಸಿಕ್ ಭಾಷೆ, ಮತ್ತು ಪರದೆ, ಕೀಬೋರ್ಡು, ಸದ್ದು, ಕ್ಯಾಸೆಟ್ ಎಲ್ಲವನ್ನೂ ನೋಡಿಕೊಳ್ಳುವ ಯುಎಲ್‌ಎ ಎಂಬ ಒಂದು ಚಿಪ್. ನಮ್ಮಲ್ಲಿಯೂ ಇದಕ್ಕೆ ಸಣ್ಣದೊಂದು ಚರಿತ್ರೆಯಿದೆ. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಭಾರತೀಯ ಕಂಪನಿ ಪರವಾನಗಿ ಪಡೆದು 1986ರಲ್ಲಿ ಸ್ಪೆಕ್ಟ್ರಮ್ ಪ್ಲಸ್ ಮಾದರಿಯನ್ನು ಇಲ್ಲಿ ಮಾರಾಟಕ್ಕೆ ತಂದಿತ್ತು. ಅದೇ ದಶಕದಲ್ಲಿ ಕ್ಲಾಸ್ ಯೋಜನೆಯಡಿ ನಮ್ಮ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರನ್ನು ನೆನಪಿಟ್ಟುಕೊಂಡವರು ಹೆಚ್ಚು. ಸ್ಪೆಕ್ಟ್ರಮ್ ನೆನಪು ಅದನ್ನು ಮನೆಗೇ ತರಿಸಿಕೊಂಡ ಕೆಲವು ಕುಟುಂಬಗಳಲ್ಲಿ ಮಾತ್ರ ಉಳಿದಿದೆ.

ಇಂಥ ಯಂತ್ರವನ್ನು ಇಂದಿನ ಲ್ಯಾಪ್‌ಟಾಪಿನಲ್ಲಿ ಅನುಕರಿಸುವುದು ಮೇಲ್ನೋಟಕ್ಕೆ ಕಷ್ಟವೇನಲ್ಲ. ಝಡ್80ರ ಕೈಪಿಡಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಆದೇಶವನ್ನು ಬರೆಯುತ್ತ ಹೋದರೆ, ಪರದೆಯ ಮೆಮೊರಿಯನ್ನು ಚಿತ್ರವಾಗಿ ತೋರಿಸಿದರೆ, ಕೀಲಿಗಳನ್ನು ಜೋಡಿಸಿದರೆ, ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಒಂದು ರಜೆಯಲ್ಲಿ ಮುಗಿಸಬಹುದಾದ ಕೆಲಸವದು. ಮುಗಿಸಿದವರು ಸಾಕಷ್ಟು ಜನ ಇದ್ದಾರೆ. ನೂರಕ್ಕೆ ತೊಂಬತ್ತು ಆಟಗಳು ಅದರಲ್ಲಿ ಓಡಿಯೂ ಬಿಡುತ್ತವೆ. ಉಳಿದವು ಏಕೆ ಓಡುವುದಿಲ್ಲ ಎಂಬ ಪ್ರಶ್ನೆಯಿಂದ ನಿಜವಾದ ಕೆಲಸ ಶುರುವಾಗುತ್ತದೆ, ಏಕೆಂದರೆ ಆ ಉತ್ತರ ಕೈಪಿಡಿಯಲ್ಲಿಲ್ಲ. ಕೈಪಿಡಿ ಬರೆದವರು ಯಂತ್ರ ಹೇಗೆ ನಡೆಯಬೇಕೆಂದು ಬರೆದಿದ್ದಾರೆ. ಆಟ ಬರೆದವರು ಯಂತ್ರ ಹೇಗೆ ನಡೆಯುತ್ತದೆಂದು ಕಂಡುಕೊಂಡು ಅದರ ಮೇಲೆ ತಮ್ಮ ಪ್ರೋಗ್ರಾಮು ಕಟ್ಟಿದ್ದಾರೆ.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ಮೆಮೊರಿಯ ಪೈಪೋಟಿ. 48 ಕಿಲೋಬೈಟ್ ಯಂತ್ರದಲ್ಲಿ 16384ರಿಂದ 32767ರವರೆಗಿನ ವಿಳಾಸಗಳ ಮೆಮೊರಿಯನ್ನು ಪ್ರೊಸೆಸರ್ ಮತ್ತು ಯುಎಲ್‌ಎ ಎರಡೂ ಬಳಸುತ್ತವೆ. ಪರದೆಯ ಚಿತ್ರದ 6144 ಬೈಟ್‌ಗಳೂ ಬಣ್ಣಗಳ 768 ಬೈಟ್‌ಗಳೂ ಇರುವುದು ಅಲ್ಲಿಯೇ. ಒಂದೇ ಬೀದಿನಲ್ಲಿಗೆ ಇಬ್ಬರು ಕೊಡ ಹಿಡಿದು ಬಂದಂತೆ ಇದು, ಮತ್ತು ಇಲ್ಲಿ ಸರದಿ ಯಾವಾಗಲೂ ಯುಎಲ್‌ಎಯದ್ದೇ. ಟಿವಿಯ ಪರದೆಯ ಮೇಲೆ ಸಾಲುಸಾಲಾಗಿ ಚಿತ್ರ ಬರೆಯುವ ಕಿರಣ ಕಾಯುವುದಿಲ್ಲವಾದ್ದರಿಂದ ಯುಎಲ್‌ಎ ತಾನು ಓದುವಷ್ಟು ಹೊತ್ತು ಪ್ರೊಸೆಸರಿನ ಗಡಿಯಾರವನ್ನೇ ಹಿಡಿದು ನಿಲ್ಲಿಸುತ್ತದೆ. ಎಷ್ಟು ಹೊತ್ತು ನಿಲ್ಲಿಸುತ್ತದೆ ಎಂಬುದು ಪ್ರೊಸೆಸರ್ ಯಾವ ಗಳಿಗೆಯಲ್ಲಿ ಬಂದು ಕೇಳಿತು ಎಂಬುದನ್ನು ಅವಲಂಬಿಸಿದೆ. ಗಡಿಯಾರದ ಒಂದು ಮಿಡಿತಕ್ಕೆ ಟಿ-ಸ್ಟೇಟ್ ಎನ್ನುತ್ತಾರೆ. ತಡವಾಗುವ ಪ್ರಮಾಣ ಎಂಟೆಂಟು ಮಿಡಿತಗಳ ಸುತ್ತಿನಲ್ಲಿ 6, 5, 4, 3, 2, 1, 0, 0 ಎಂದು ಸಾಗುತ್ತದೆ.

ಒಂದು ಸಾಲಿಗೆ 224 ಟಿ-ಸ್ಟೇಟ್, ಒಂದು ಚಿತ್ರಕ್ಕೆ 312 ಸಾಲು, ಒಟ್ಟು 69888. ಮೇಲಿನ ಅಂಚಿನ 64 ಸಾಲುಗಳು ಕಳೆದ ಮೇಲೆ, ಅಂದರೆ 14336ರ ಆಸುಪಾಸಿನಲ್ಲಿ, ಚಿತ್ರದ ಭಾಗ ಆರಂಭವಾಗಿ ಪೈಪೋಟಿಯೂ ಆರಂಭವಾಗುತ್ತದೆ. ಪ್ರತಿ ಸಾಲಿನ 128 ಮಿಡಿತಗಳಲ್ಲಿ ಪೈಪೋಟಿ, ಉಳಿದ 96ರಲ್ಲಿ ಇಲ್ಲ. ಬಣ್ಣದ ಅಂಚಿನಲ್ಲಿ ಪಟ್ಟೆಗಳನ್ನು ಮೂಡಿಸುವ ಪ್ರೋಗ್ರಾಮುಗಳು ಈ ಲೆಕ್ಕವನ್ನು ನಂಬಿಕೊಂಡೇ ಬರೆಯಲ್ಪಟ್ಟಿವೆ. 1983ರ ಅಕ್ವಾಪ್ಲೇನ್ ಆಟದಲ್ಲಿ ಸಮುದ್ರದ ದಿಗಂತರೇಖೆ ಪರದೆಯ ಚೌಕಟ್ಟನ್ನು ದಾಟಿ ಅಂಚಿನವರೆಗೂ ಹಾಯುತ್ತದೆ. ಚೌಕಟ್ಟಿನ ಹೊರಗೆ ಚಿತ್ರ ಬಿಡಿಸಲು ಈ ಯಂತ್ರದಲ್ಲಿ ಯಾವ ಸೌಲಭ್ಯವೂ ಇಲ್ಲ. ಕಿರಣ ಸರಿಯಾದ ಸಾಲಿಗೆ ಬಂದ ಗಳಿಗೆಯಲ್ಲಿ ಅಂಚಿನ ಬಣ್ಣವನ್ನು ಬದಲಾಯಿಸಿ ಆ ಪರಿಣಾಮವನ್ನು ಸಾಧಿಸಿದ್ದಾರೆ. ಎಮ್ಯುಲೇಟರಿನ ಲೆಕ್ಕ ತಪ್ಪಿದರೆ ದಿಗಂತ ಮುರಿಯುತ್ತದೆ.

ಈಗ ಪ್ರಶ್ನೆ, ಒಂದು ಮಿಡಿತದ ವ್ಯತ್ಯಾಸವನ್ನು ಅಳೆಯುವುದು ಹೇಗೆ? ಆಸಿಲೋಸ್ಕೋಪ್ ಇದ್ದವರು ಅದನ್ನು ಬಳಸುತ್ತಾರೆ. ಇಲ್ಲದವರಿಗೆ ಯಂತ್ರದೊಳಗೇ ಒಂದು ಅಳತೆಗೋಲು ಇದೆ, ಮತ್ತು ಈ ಯಂತ್ರದ ಬಗ್ಗೆ ನನಗೆ ಮೋಹ ಹುಟ್ಟಲು ಕಾರಣವೇ ಅದು. ಪ್ರೊಸೆಸರ್ ಹೊರಗಿನ ಸಾಧನಗಳೊಡನೆ ವ್ಯವಹರಿಸುವ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ಯಾವ ಸಾಧನವೂ ಜೋಡಣೆಯಾಗಿಲ್ಲದ ಪೋರ್ಟ್ ಒಂದನ್ನು, ಉದಾಹರಣೆಗೆ 255ನೆಯದನ್ನು, ಪ್ರೊಸೆಸರ್ ಓದಿದಾಗ ನ್ಯಾಯವಾಗಿ ಏನೂ ಸಿಗಬಾರದು. ಆದರೆ ಸ್ಪೆಕ್ಟ್ರಮ್‌ನಲ್ಲಿ ಆ ಗಳಿಗೆಯಲ್ಲಿ ಯುಎಲ್‌ಎ ಪರದೆಗಾಗಿ ಯಾವ ಬೈಟನ್ನು ಓದುತ್ತಿದೆಯೋ ಅದೇ ಬೈಟ್ ತಂತಿಗಳ ಮೇಲೆ ತೇಲಿಕೊಂಡು ಪ್ರೊಸೆಸರಿಗೂ ಕಾಣಿಸುತ್ತದೆ. ಯುಎಲ್‌ಎ ಎಂಟು ಮಿಡಿತಗಳಲ್ಲಿ ಮೊದಲ ನಾಲ್ಕರಲ್ಲಿ ಚಿತ್ರ, ಬಣ್ಣ, ಚಿತ್ರ, ಬಣ್ಣ ಎಂದು ನಾಲ್ಕು ಬೈಟ್‌ಗಳನ್ನು ಓದಿ ಉಳಿದ ನಾಲ್ಕರಲ್ಲಿ ಸುಮ್ಮನಿರುತ್ತದೆ. ಸುಮ್ಮನಿದ್ದಾಗ ಓದಿದರೆ 255 ಸಿಗುತ್ತದೆ. ಹೀಗಾಗಿ ಬಣ್ಣದ ಬೈಟ್‌ಗಳಿಗೆ ಬೇರೆ ಬೇರೆ ಅಂಕಿ ತುಂಬಿಟ್ಟು ಈ ಪೋರ್ಟನ್ನು ಓದಿದರೆ, ಕಿರಣ ಈಗ ಎಲ್ಲಿದೆ ಎಂದು ಯಂತ್ರವೇ ಹೇಳುತ್ತದೆ. ಅರ್ಕನಾಯ್ಡ್‌ನಂಥ ಆಟಗಳು ಇದನ್ನು ಕಂಡುಕೊಂಡು ಚಿತ್ರ ಮಿನುಗದಂತೆ ನೋಡಿಕೊಳ್ಳಲು ಬಳಸಿದ್ದವು. ಪರೀಕ್ಷೆ ಬರೆಯುವವರಿಗೆ ಇದೇ ಗಡಿಯಾರ.

ಪರೀಕ್ಷೆ ಹೇಗಿರುತ್ತದೆಂದು ಹತ್ತಿರದಿಂದ ನೋಡಿ. ಪ್ರೋಗ್ರಾಮನ್ನು 32768ಕ್ಕಿಂತ ಮೇಲಿನ ವಿಳಾಸದಲ್ಲಿ ಇಡಬೇಕು, ಇಲ್ಲವಾದರೆ ಅದರ ಆದೇಶಗಳನ್ನು ಓದುವುದೇ ಪೈಪೋಟಿಗೆ ಸಿಕ್ಕಿ ಅಳತೆ ಕೆಡುತ್ತದೆ. ಪ್ರತಿ ಹೊಸ ಚಿತ್ರದ ಆರಂಭದಲ್ಲಿ ಯುಎಲ್‌ಎ ಪ್ರೊಸೆಸರಿಗೆ ಕೊಡುವ ಇಂಟರಪ್ಟ್ ಎಂಬ ಸೂಚನೆಗಾಗಿ ಕಾದು, ಅಲ್ಲಿಂದ ಎಣಿಕೆ ಶುರು ಮಾಡಿ, ಸುಮಾರು ಹದಿನಾಲ್ಕು ಸಾವಿರ ಮಿಡಿತಗಳನ್ನು ಕಳೆಯುವ ಸುತ್ತು ಹಾಕಿ, ಕೊನೆಗೆ ಪೋರ್ಟನ್ನು ಓದಬೇಕು. ನಂತರ ಒಂದು ಮಿಡಿತ ತಡವಾಗಿ ಓದಬೇಕು, ಆಮೇಲೆ ಇನ್ನೊಂದು. ಝಡ್80ರಲ್ಲಿ ಒಂದೇ ಮಿಡಿತದಲ್ಲಿ ಮುಗಿಯುವ ಆದೇಶವಿಲ್ಲ. ಅತಿ ಚಿಕ್ಕದಕ್ಕೂ 4 ಬೇಕು. ಆದ್ದರಿಂದ 4 ತೆಗೆದುಕೊಳ್ಳುವ ಒಂದು ಆದೇಶದ ಜಾಗದಲ್ಲಿ 5 ತೆಗೆದುಕೊಳ್ಳುವ, ಷರತ್ತು ಈಡೇರದ ರಿಟರ್ನ್ ಆದೇಶವನ್ನು ಇಟ್ಟು ಒಂದನ್ನು ಗಳಿಸಬೇಕು. 6ರದೂ 7ರದೂ ಹೀಗೆಯೇ ಜೊತೆಗೂಡಿಸಿಕೊಂಡರೆ ಯಾವ ಅಂತರವನ್ನಾದರೂ ಸಾಧಿಸಬಹುದು. ಓದುವ ಆದೇಶಕ್ಕೆ ಮೊದಲು ಎ ರಿಜಿಸ್ಟರಿನಲ್ಲಿ, ಅಂದರೆ ಪ್ರೊಸೆಸರಿನೊಳಗೆ ಒಂದು ಅಂಕಿಯನ್ನು ಹಿಡಿದಿಡುವ ಜಾಗದಲ್ಲಿ, 64ರಿಂದ 127ರ ನಡುವಿನ ಅಂಕಿ ಇರದಂತೆ ನೋಡಿಕೊಳ್ಳಬೇಕು, ಏಕೆಂದರೆ ಅದು ವಿಳಾಸದ ಮೇಲರ್ಧವಾಗಿ ಹೊರಬಂದು, ಪೋರ್ಟಿನ ಓದನ್ನೂ ಯುಎಲ್‌ಎ ಮೆಮೊರಿಯ ಓದೆಂದೇ ತಿಳಿದು ತಡೆಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಪರದೆಯ ಮೇಲೆ ಒಂದು ಅಂಕಿಗಳ ಪಟ್ಟಿ ಬರುತ್ತದೆ. ಅದೇ ಪ್ರೋಗ್ರಾಮನ್ನು ಎಮ್ಯುಲೇಟರಿನಲ್ಲಿ ಓಡಿಸಿದಾಗ ಬರುವ ಪಟ್ಟಿ ಇದಕ್ಕೆ ಹೊಂದಿಕೆಯಾಗಬೇಕು. ಹೊಂದದಿದ್ದರೆ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಬಗ್ ಇದೆ, ಮತ್ತು ಅದನ್ನು ಸರಿಪಡಿಸುವುದು ಹತ್ತು ನಿಮಿಷದ ಕೆಲಸ.

ಈ ಹಂತದಲ್ಲಿ ಯಂತ್ರವೇ ಒಂದು ತಮಾಷೆ ಮಾಡುತ್ತದೆ. ಕೆಲವು ಸ್ಪೆಕ್ಟ್ರಮ್‌ಗಳಲ್ಲಿ ಪರದೆಗೆ ಸಂಬಂಧಿಸಿದ ಇಡೀ ಲೆಕ್ಕಾಚಾರ ಉಳಿದವುಗಳಿಗಿಂತ ಒಂದು ಮಿಡಿತ ತಡವಾಗಿರುತ್ತದೆ. ಇನ್ನೂ ವಿಚಿತ್ರವೆಂದರೆ, ಅದೇ ಯಂತ್ರ ತಣ್ಣಗಿದ್ದಾಗ ಒಂದು ಬಗೆ, ಬಿಸಿಯೇರಿದ ಮೇಲೆ ಇನ್ನೊಂದು ಬಗೆ ವರ್ತಿಸುವುದೂ ಉಂಟು. ಇಬ್ಬರು ಬೇರೆ ಬೇರೆ ದೇಶಗಳಲ್ಲಿ ಕುಳಿತು ತಮ್ಮ ತಮ್ಮ ಯಂತ್ರದ ಅಂಕಿಗಳನ್ನು ಹಿಡಿದು ವಾದಿಸಿದರೆ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಫ್ಯೂಸ್ ಎಂಬ ಹೆಸರಾಂತ ಎಮ್ಯುಲೇಟರಿನಲ್ಲಿ ಇದಕ್ಕಾಗಿಯೇ ತಡವಾದ ಲೆಕ್ಕಾಚಾರ ಬೇಕೋ ಬೇಡವೋ ಎಂದು ಬಳಕೆದಾರರೇ ಆರಿಸಿಕೊಳ್ಳುವ ಆಯ್ಕೆಯನ್ನು ಇಟ್ಟಿದ್ದಾರೆ. ಇದು ನನಗೆ ಬಹಳ ಒಳ್ಳೆಯ ತೀರ್ಮಾನವೆನಿಸುತ್ತದೆ. ಒಂದನ್ನು ಸರಿ ಎಂದೂ ಇನ್ನೊಂದನ್ನು ತಪ್ಪು ಎಂದೂ ಘೋಷಿಸಿ ಕೋಡನ್ನು ಸರಳಗೊಳಿಸುವ ಆಸೆ ಪ್ರೋಗ್ರಾಮರಿಗೆ ಇದ್ದೇ ಇರುತ್ತದೆ, ಆದರೆ ಹಾಗೆ ಮಾಡಿದರೆ ಯಂತ್ರಗಳಲ್ಲಿ ಅರ್ಧದಷ್ಟನ್ನು ನಾವು ಅಳಿಸಿಹಾಕಿದಂತೆ. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಪೆಂಟಗಾನ್ ಎಂಬ ತದ್ರೂಪಿ ಯಂತ್ರದಲ್ಲಂತೂ ಪೈಪೋಟಿಯೇ ಇಲ್ಲ, ಒಂದು ಚಿತ್ರಕ್ಕೆ 71680 ಮಿಡಿತಗಳಿವೆ; ಅಲ್ಲಿ ಬರೆದ ಪ್ರೋಗ್ರಾಮುಗಳು ಇಲ್ಲಿ ಎಡವುತ್ತವೆ, ಇಲ್ಲಿಯವು ಅಲ್ಲಿ.

ಪ್ರೊಸೆಸರಿನ ಕಥೆಯೂ ಇದೇ ಜಾಡಿನದು. ಲೆಕ್ಕದ ಫಲಿತಾಂಶ ಹೇಗೆ ಬಂತೆಂದು ಗುರುತಿಸಿಡುವ ಝಡ್80ರ ಫ್ಲಾಗ್ ರಿಜಿಸ್ಟರಿನಲ್ಲಿ ಎಂಟು ಬಿಟ್‌ಗಳಿದ್ದು, ಕೈಪಿಡಿ ಆರರ ಅರ್ಥವನ್ನು ಮಾತ್ರ ಹೇಳಿ 3 ಮತ್ತು 5ನೆಯ ಬಿಟ್‌ಗಳನ್ನು ಬಳಕೆಯಲ್ಲಿಲ್ಲವೆಂದು ಬಿಟ್ಟುಬಿಡುತ್ತದೆ. ಆದರೆ ಅವು ಖಾಲಿ ಕುಳಿತಿಲ್ಲ. ಸಾಮಾನ್ಯವಾಗಿ ಲೆಕ್ಕದ ಫಲಿತಾಂಶದ ಅದೇ ಸ್ಥಾನದ ಬಿಟ್‌ಗಳು ಅಲ್ಲಿಗೆ ಬಂದು ಕೂರುತ್ತವೆ. 1994ರಿಂದ ಬಳಕೆಯಲ್ಲಿರುವ ಝೆಕ್ಸಾಲ್ ಎಂಬ ಪರೀಕ್ಷಾ ಪ್ರೋಗ್ರಾಮು ಇವನ್ನೂ ಸೇರಿಸಿ ಆದೇಶಗಳನ್ನೆಲ್ಲ ಲೆಕ್ಕವಿಲ್ಲದಷ್ಟು ಬಗೆಗಳಲ್ಲಿ ಓಡಿಸಿ, ಫಲಿತಾಂಶಗಳ ಮೊತ್ತವನ್ನು ನಿಜವಾದ ಚಿಪ್‌ನಿಂದ ಪಡೆದ ಮೊತ್ತದೊಡನೆ ಹೋಲಿಸುತ್ತದೆ. ಬಹಳ ವರ್ಷಗಳ ಕಾಲ ಅದರಲ್ಲಿ ತೇರ್ಗಡೆಯಾದರೆ ಪ್ರೊಸೆಸರಿನ ಕೆಲಸ ಮುಗಿಯಿತೆಂದು ಎಲ್ಲರೂ ತಿಳಿದಿದ್ದರು. ಮುಗಿದಿರಲಿಲ್ಲ. ಮೆಮೊರಿಯ ಒಂದು ಬಿಟ್ ಪರೀಕ್ಷಿಸುವ ಆದೇಶದ ನಂತರ ಆ ಎರಡು ಬಿಟ್‌ಗಳಲ್ಲಿ ಎಲ್ಲಿಂದಲೋ ಬಂದ ಬೆಲೆ ಕಾಣಿಸುತ್ತಿತ್ತು. ಅದು ಕೈಪಿಡಿಯಲ್ಲಿ ಹೆಸರೇ ಇಲ್ಲದ, ಪ್ರೊಸೆಸರ್ ತನ್ನೊಳಗಿನ ವಿಳಾಸದ ಲೆಕ್ಕಕ್ಕೆ ಇಟ್ಟುಕೊಂಡಿರುವ ಹದಿನಾರು ಬಿಟ್‌ನ ರಿಜಿಸ್ಟರಿನಿಂದ ಸೋರಿ ಬಂದದ್ದೆಂದು ಕಂಡುಹಿಡಿದು, ಯಾವ ಆದೇಶ ಆ ರಿಜಿಸ್ಟರನ್ನು ಹೇಗೆ ಬದಲಿಸುತ್ತದೆ ಎಂಬ ಪಟ್ಟಿಯನ್ನು ಹವ್ಯಾಸಿಗಳೇ ಸಿದ್ಧಪಡಿಸಿದರು. ಈಗ ಅದನ್ನು ಮೆಮ್‌ಪಿಟಿಆರ್ ಎಂದು ಕರೆಯುತ್ತಾರೆ.

ಅದಾದ ಮೇಲೂ ಇನ್ನೊಂದು ಉಳಿದಿತ್ತು. ಅದೇ ಫ್ಲಾಗ್ ರಿಜಿಸ್ಟರಿನ ಕ್ಯಾರಿ ಎಂಬ ಬಿಟ್ಟನ್ನು ಏರಿಸುವ ಮತ್ತು ತಿರುಗಿಸುವ ಎರಡು ಆದೇಶಗಳ ನಂತರ ಆ ಬಿಟ್‌ಗಳು ಒಮ್ಮೊಮ್ಮೆ ಒಂದು ರೀತಿ, ಒಮ್ಮೊಮ್ಮೆ ಇನ್ನೊಂದು ರೀತಿ ಬರುತ್ತಿದ್ದವು; ಚಿಪ್‌ನಿಂದ ಚಿಪ್‌ಗೆ ವ್ಯತ್ಯಾಸವಿದೆ ಎಂದು ಹೇಳಿ ಕೈಬಿಟ್ಟಿದ್ದರು. 2012ರಲ್ಲಿ ಗುಟ್ಟು ಬಯಲಾಯಿತು. ಅದಕ್ಕೆ ಹಿಂದಿನ ಆದೇಶ ಫ್ಲಾಗುಗಳನ್ನು ಮುಟ್ಟಿದ್ದರೆ ಒಂದು ಉತ್ತರ, ಮುಟ್ಟದಿದ್ದರೆ ಇನ್ನೊಂದು. 1976ರಲ್ಲಿ ಬಿಡುಗಡೆಯಾಗಿ, ಕೋಟಿಗಟ್ಟಲೆ ತಯಾರಾಗಿ, ಜಗತ್ತಿನ ಕಾಲೇಜುಗಳಲ್ಲೆಲ್ಲ ಪಾಠವಾಗಿದ್ದ ಚಿಪ್ ಒಂದರ ವರ್ತನೆಯ ಈ ಅಂಶ 36 ವರ್ಷಗಳ ನಂತರ, ಸಂಬಳವಿಲ್ಲದೆ ಕೆಲಸ ಮಾಡುವವರಿಂದ ತಿಳಿದುಬಂತು. ಝೈಲಾಗ್ ಕಂಪನಿ 2024ರಲ್ಲಿ ಆ ಚಿಪ್‌ನ ಮೂಲ ಮಾದರಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಇಷ್ಟು ಸೂಕ್ಷ್ಮ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನಕಲು ತಡೆಯಲು ಬರೆದ ಕೆಲವು ರಕ್ಷಣಾ ಪ್ರೋಗ್ರಾಮುಗಳು ಇಂಥ ಮೂಲೆಗಳನ್ನು ಬಳಸುತ್ತವೆ ಎಂಬ ಉತ್ತರ ಕೊಡಬಹುದು, ಕೊಟ್ಟಿದ್ದೇನೆ ಕೂಡ. ಆದರೆ ನಿಜವಾದ ಕಾರಣ ಅದಲ್ಲ. ಇದೊಂದು ಹುಚ್ಚು, ಹಿಡಿದವರಿಗೆ ಬಿಡುವುದಿಲ್ಲ.

ಇನ್ನು ಪ್ಯಾಚ್ ಕಳಿಸುವ ರೀತಿನೀತಿ. ಇದು ಯೋಜನೆಯಿಂದ ಯೋಜನೆಗೆ ಬೇರೆಯಾದರೂ ಕೆಲವು ಸಂಗತಿಗಳು ಎಲ್ಲ ಕಡೆಯೂ ಒಂದೇ. ಒಂದು ಪ್ಯಾಚಿನಲ್ಲಿ ಒಂದೇ ವಿಷಯವಿರಬೇಕು. ದಾರಿಯಲ್ಲಿ ಕಣ್ಣಿಗೆ ಬಿದ್ದ ಹೆಸರುಗಳನ್ನು, ಸಾಲುಗಳ ಅಂಚನ್ನು, ಟಿಪ್ಪಣಿಗಳ ವ್ಯಾಕರಣವನ್ನು ತಿದ್ದಿ ಅದರೊಳಗೆ ತುರುಕಿದರೆ, ಪರಿಶೀಲಿಸುವವರಿಗೆ ಯಾವುದು ಯಂತ್ರದ ವರ್ತನೆಯನ್ನು ಬದಲಿಸಿದೆ ಎಂದು ತಿಳಿಯುವುದಿಲ್ಲ. ಮೊದಲು ಪರೀಕ್ಷೆ ಕಳಿಸಿ, ಅದು ಈಗಿನ ಕೋಡಿನಲ್ಲಿ ಸೋಲುವುದನ್ನು ತೋರಿಸಿ, ನಂತರ ತಿದ್ದುಪಡಿ ಕಳಿಸುವುದು ಉತ್ತಮ ಪದ್ಧತಿ. ಯಾವ ಯಂತ್ರದಲ್ಲಿ ಅಳೆದಿರಿ, ಅದರ ಬೋರ್ಡಿನ ಆವೃತ್ತಿ ಯಾವುದು, ಝಡ್80 ಯಾರು ತಯಾರಿಸಿದ್ದು ಎಂಬುದನ್ನು ಕೇಳುವ ಮೊದಲೇ ಹೇಳಬೇಕು. ನಿರ್ವಾಹಕರೂ ನಮ್ಮಂತೆಯೇ ಹಗಲು ಬೇರೆ ಕೆಲಸ ಮಾಡುವವರು. ಉತ್ತರ ವಾರಗಟ್ಟಲೆ ಬಾರದಿದ್ದರೆ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಬಂದ ಉತ್ತರ ಎರಡೇ ಸಾಲಿನದಾಗಿ, ಅದರಲ್ಲಿ ಒಂದು ಸಾಲು ನಮ್ಮ ವಾದದ ಬುಡವನ್ನೇ ಅಲುಗಿಸುವ ಪ್ರಶ್ನೆಯಾಗಿರುವುದು ಸಾಮಾನ್ಯ. ನನಗೆ ಒಂದು ಯೋಜನೆಯಲ್ಲಿ ಬಂದ ಮೊದಲ ಪ್ರತಿಕ್ರಿಯೆಯೇ, ಇದು ಬಿಸಿಯಾದ ಯಂತ್ರದಲ್ಲಿಯೂ ಹೀಗೆಯೇ ಬರುತ್ತದೆಯೇ ಎಂಬುದಾಗಿತ್ತು. ಆ ಪ್ರಶ್ನೆಯಿಂದ ನಾನು ಕಲಿತದ್ದು ಬಹಳ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆ (ಎಐ) ಬರೆದುಕೊಟ್ಟ ಕೋಡನ್ನು ಹಾಗೆಹಾಗೆಯೇ ಕಳಿಸುವವರು ಹೆಚ್ಚಾಗಿದ್ದಾರೆ. ಕೋಡ್ ನೋಡಲು ಚೊಕ್ಕವಾಗಿಯೇ ಇರುತ್ತದೆ; ಆದರೆ ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ ಕಳಿಸಿದವರ ಬಳಿ ಉತ್ತರವಿರುವುದಿಲ್ಲ. ಬೇರೊಂದು ಎಮ್ಯುಲೇಟರಿನಲ್ಲಿ ಹೀಗಿದೆ ಎಂಬುದೂ ಪುರಾವೆಯಲ್ಲ. ಎರಡು ಎಮ್ಯುಲೇಟರುಗಳು ಒಂದನ್ನೊಂದು ನೋಡಿ ಒಂದೇ ತಪ್ಪನ್ನು ಮಾಡುವುದು ಈ ಕ್ಷೇತ್ರದ ಹಳೆಯ ಕಾಯಿಲೆ.

ಹಕ್ಕುಸ್ವಾಮ್ಯದ ವಿಷಯದಲ್ಲಿ ಸ್ಪೆಕ್ಟ್ರಮ್ ಪುಣ್ಯವಂತ ಯಂತ್ರ. ಎಮ್ಯುಲೇಟರಿನ ಕೋಡ್ ನಮ್ಮದಾಗಿರಬಹುದು, ಅದಕ್ಕೆ ಜಿಪಿಎಲ್ ಎಂಬ ಸ್ವತಂತ್ರ ಸಾಫ್ಟ್‌ವೇರ್ ಪರವಾನಗಿಯೂ ಇರಬಹುದು; ಆದರೆ ಅದು ಓಡಿಸಬೇಕಾದ 16 ಕಿಲೋಬೈಟ್ ರೋಮ್ ಇನ್ನೊಬ್ಬರ ಸ್ವತ್ತು. ಸಿಂಕ್ಲೇರ್ ಕಂಪ್ಯೂಟರ್ ವ್ಯವಹಾರವನ್ನು ಆಮ್‌ಸ್ಟ್ರಾಡ್ ಸಂಸ್ಥೆ 1986ರಲ್ಲಿ 50 ಲಕ್ಷ ಪೌಂಡ್‌ಗೆ ಕೊಂಡುಕೊಂಡಿತ್ತು. ಆ ಸಂಸ್ಥೆ 1999ರಲ್ಲಿ, ಹಕ್ಕುಸ್ವಾಮ್ಯ ತನ್ನಲ್ಲಿಯೇ ಉಳಿಯುತ್ತದೆ, ಅದರ ಸೂಚನೆಯನ್ನು ಅಳಿಸಬಾರದು ಎಂಬ ಷರತ್ತಿನೊಡನೆ, ರೋಮನ್ನು ಎಮ್ಯುಲೇಟರುಗಳ ಜೊತೆ ಹಂಚಲು ಒಪ್ಪಿಗೆ ಕೊಟ್ಟಿತು. ಬೇರೆ ಎಷ್ಟೋ ಹಳೆಯ ಯಂತ್ರಗಳಿಗೆ ಈ ಭಾಗ್ಯವಿಲ್ಲ. ಆದರೂ ಹಂಚಲು ಅನುಮತಿ ಸಿಕ್ಕ ಮಾತ್ರಕ್ಕೆ ಅದು ಸ್ವತಂತ್ರ ಸಾಫ್ಟ್‌ವೇರ್ ಆಗುವುದಿಲ್ಲ; ಡೆಬಿಯನ್ ಲಿನಕ್ಸ್ ವಿತರಣೆಯವರು ಈ ರೋಮ್‌ಗಳನ್ನು ಸ್ವತಂತ್ರವಲ್ಲದ ವಿಭಾಗದಲ್ಲಿಯೇ ಇಟ್ಟಿದ್ದಾರೆ, ಅದು ನ್ಯಾಯವೂ ಹೌದು. ಇದಕ್ಕೆ ಬದಲಿಯಾಗಿ ಓಪನ್‌ಎಸ್‌ಇ ಬೇಸಿಕ್ ಎಂಬ ಸ್ವತಂತ್ರ ರೋಮ್ ಕೂಡ ಇದೆ. ಆಟಗಳ ಹಕ್ಕು ಮಾತ್ರ ಇದಕ್ಕೆ ಸೇರಿದ್ದಲ್ಲ. ಅವು ಒಂದೊಂದೂ ಒಬ್ಬೊಬ್ಬರ ಕೈಯಲ್ಲಿವೆ, ಕೆಲವರು ಹಂಚಲು ಒಪ್ಪಿದ್ದಾರೆ, ಕೆಲವರು ನೇರವಾಗಿ ಬೇಡವೆಂದಿದ್ದಾರೆ. ಎಮ್ಯುಲೇಟರ್ ಯೋಜನೆಗಳು ಆಟಗಳ ಗೊಡವೆಗೆ ಹೋಗದೆ ದೂರ ಉಳಿಯುವುದು ಇದಕ್ಕಾಗಿಯೇ. ಬಗ್ ವರದಿಗೆ ಆಟದ ಫೈಲನ್ನೇ ಅಂಟಿಸಿ ಕಳಿಸುವುದಕ್ಕಿಂತ, ಆ ಬಗ್ಗನ್ನು ತೋರಿಸುವ ಐವತ್ತು ಬೈಟ್‌ನ ಸ್ವಂತ ಪ್ರೋಗ್ರಾಮು ಬರೆದು ಕಳಿಸುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು.

ಕೋಡ್ ಬರೆಯಲು ಬಾರದವರಿಗೂ ಇಲ್ಲಿ ಕೆಲಸವಿದೆ, ಮತ್ತು ನಮ್ಮ ಕಡೆಯವರು ಮಾತ್ರ ಮಾಡಬಲ್ಲ ಕೆಲಸವೂ ಇದೆ. ಅದು ಕ್ಯಾಸೆಟ್ಟುಗಳದ್ದು. ಸ್ಪೆಕ್ಟ್ರಮ್ ಕ್ಯಾಸೆಟ್ಟಿನಲ್ಲಿ ಪ್ರತಿ ಬಿಟ್ ಎರಡು ಅರ್ಧಗಳ ಒಂದು ಅಲೆಯಾಗಿ ದಾಖಲಾಗಿರುತ್ತದೆ: ಸೊನ್ನೆಯಾದರೆ 855 ಟಿ-ಸ್ಟೇಟ್‌ನ ಎರಡು ಅರ್ಧಗಳು, ಒಂದಾದರೆ ಸರಿಯಾಗಿ ಅದರ ಎರಡರಷ್ಟು, 1710ರ ಎರಡು ಅರ್ಧಗಳು. ಅದಕ್ಕೂ ಮೊದಲು 2168ರ ಅರ್ಧಗಳುಳ್ಳ ಉದ್ದನೆಯ ಶಿಳ್ಳೆ, ಪರದೆಯ ಅಂಚಿನಲ್ಲಿ ಅದಕ್ಕೆ ತಕ್ಕಂತೆ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು. ಮಾಹಿತಿ ಬರತೊಡಗಿದಾಗ ನೀಲಿ ಮತ್ತು ಹಳದಿ. ಟೇಪನ್ನು ಧ್ವನಿಯಾಗಿ ಕಂಪ್ಯೂಟರಿಗೆ ಇಳಿಸಿಕೊಂಡು, ಅಲೆಗಳ ಉದ್ದವನ್ನು ಅಳೆದು ಟಿಝಡ್‌ಎಕ್ಸ್ ಎಂಬ ಮಾದರಿಯ ಫೈಲಿಗೆ ಬರೆದರೆ, ವಾಣಿಜ್ಯ ಆಟಗಳು ಬಳಸುತ್ತಿದ್ದ ವಿಶೇಷ ವೇಗದ ಭಾಗಗಳೂ ಸೇರಿ ಟೇಪು ಪೂರ್ತಿಯಾಗಿ ಉಳಿಯುತ್ತದೆ.

ನಮ್ಮ ಹವೆಯಲ್ಲಿ ಟೇಪುಗಳು ಬೇಗ ಹಾಳಾಗುತ್ತವೆ. ಕರಾವಳಿಯ ಮಳೆಗಾಲಗಳನ್ನು ಕಂಡ ಟೇಪಿನ ಮೇಲೆ ಬಿಳಿಯ ಬೂಷ್ಟು ಹಿಡಿದಿರುತ್ತದೆ. ಅದನ್ನು ಹಾಗೆಯೇ ಓಡಿಸಿದರೆ ಪ್ಲೇಯರಿನ ಹೆಡ್ಡೂ ಕೆಟ್ಟು, ಮುಂದೆ ಹಾಕುವ ಒಳ್ಳೆಯ ಟೇಪುಗಳಿಗೂ ಅದು ಅಂಟಿಕೊಳ್ಳುತ್ತದೆ. ಉಡುಪಿಯ ಕಡೆಯ ಪರಿಚಿತರೊಬ್ಬರು ತಮ್ಮ ಮನೆಯ ಪೆಟ್ಟಿಗೆಯೊಂದನ್ನು ನನಗೆ ಒಪ್ಪಿಸುವಾಗ, "ಇದರಲ್ಲಿ ಹಾಡೂ ಇಲ್ಲ, ಎಂಥದ್ದೂ ಇಲ್ಲ ಮಾರಾಯ್ರೆ, ಬರೀ ಕಿರ್ರೋ ಎನ್ನುವುದು, ಬಿಸಾಡಬೇಕೆಂದಿದ್ದೆ" ಎಂದರು. ಒಣಗಿಸಿ, ಮೆತ್ತನೆಯ ಬಟ್ಟೆಯಿಂದ ಒರೆಸುತ್ತ ಕೈಯಿಂದಲೇ ಒಂದು ಸುತ್ತು ಸುತ್ತಿ, ಪ್ಲೇಯರಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಓರೆಯನ್ನು ಸರಿಪಡಿಸಿಕೊಂಡು ಇಳಿಸಿದಾಗ, ಅಂಗಡಿಯಲ್ಲಿ ಕೊಂಡ ಆಟಗಳ ಜೊತೆಗೆ ಮನೆಯವರೇ ಬೇಸಿಕ್‌ನಲ್ಲಿ ಬರೆದಿದ್ದ ಬಡ್ಡಿಲೆಕ್ಕದ ಒಂದು ಪ್ರೋಗ್ರಾಮು ಸಿಕ್ಕಿತು. ಅಂಗಡಿಯ ಆಟಗಳು ಯುರೋಪಿನವರ ಸಂಗ್ರಹದಲ್ಲಿ ಈಗಾಗಲೇ ಇವೆ. ಬಡ್ಡಿಲೆಕ್ಕದ್ದು ಮತ್ತೆಲ್ಲಿಯೂ ಇಲ್ಲ. ಅವರ ಒಪ್ಪಿಗೆ ಪಡೆದು ಅದನ್ನು ಕಾದಿರಿಸಿದ್ದೇನೆ. ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಭಾಗಾಕಾರ ತಪ್ಪಿದೆ, ಅದನ್ನೂ ತಿದ್ದದೆ ಹಾಗೆಯೇ ಇಟ್ಟಿದ್ದೇನೆ.

ಯಾವ ಯೋಜನೆಗೆ ಸೇರಬೇಕೆಂಬ ಪ್ರಶ್ನೆಗೆ ನನ್ನದೊಂದು ಅಭಿಪ್ರಾಯವಿದೆ. ಒಂದೇ ಯಂತ್ರಕ್ಕೆ ಮೀಸಲಾದ ಫ್ಯೂಸ್‌ನಂಥ ಯೋಜನೆ, ಅಥವಾ ಕಮೊಡೋರ್ ಯಂತ್ರಗಳಿಗೆ ಮೀಸಲಾದ ವೈಸ್, ಹೊಸಬರಿಗೆ ಅನುಕೂಲ. ಕೋಡ್ ಒಂದೆರಡು ವಾರದಲ್ಲಿ ತಲೆಯೊಳಗೆ ಹಿಡಿಸುತ್ತದೆ. ಮೇಮ್ ಸಾಗರದಂಥದು. 1997ರಲ್ಲಿ ವಿಡಿಯೋ ಆಟದ ಯಂತ್ರಗಳಿಗಾಗಿ ಹುಟ್ಟಿ, 2015ರಲ್ಲಿ ಕಂಪ್ಯೂಟರುಗಳ ಸೋದರ ಯೋಜನೆಯಾದ ಮೆಸ್ ಅನ್ನು ತನ್ನೊಳಗೆ ಸೇರಿಸಿಕೊಂಡು, 2016ರಲ್ಲಿ ಪೂರ್ಣವಾಗಿ ಓಪನ್ ಸೋರ್ಸ್ ಪರವಾನಗಿಗೆ ಬಂದದ್ದು ಅದು. ಅಲ್ಲಿ ಒಂದು ಚಿಪ್‌ನ ಕೋಡನ್ನು ತಿದ್ದಿದರೆ ಅದೇ ಚಿಪ್ ಇರುವ ಹತ್ತಾರು ಯಂತ್ರಗಳು ಏಕಕಾಲಕ್ಕೆ ಬದಲಾಗುತ್ತವೆ, ಆದ್ದರಿಂದ ಪುರಾವೆಯ ಹೊರೆಯೂ ಅಷ್ಟೇ ಹೆಚ್ಚು.

ಸದ್ಯ ನಾನು ಹಿಂದೆ ಬಿದ್ದಿರುವುದು ಬೋರ್ಡಿನ ಆವೃತ್ತಿಗಳ ವ್ಯತ್ಯಾಸಕ್ಕೆ. ಕೀಬೋರ್ಡು ಮತ್ತು ಕ್ಯಾಸೆಟ್ಟಿನ ಪೋರ್ಟನ್ನು ಓದಿದಾಗ ಟೇಪ್ ಓಡದಿದ್ದರೂ 6ನೆಯ ಬಿಟ್‌ನಲ್ಲಿ ಏನು ಕಾಣಿಸುತ್ತದೆ ಎಂಬುದು ಎರಡನೆಯ ಆವೃತ್ತಿಯ ಬೋರ್ಡಿನಲ್ಲಿ ಒಂದು ಬಗೆ, ಮೂರನೆಯದರಲ್ಲಿ ಇನ್ನೊಂದು ಬಗೆ. ಆ ಬಿಟ್ಟನ್ನು ಬದಿಗಿಡದೆ ಕೀಲಿಗಳನ್ನು ಓದಿದ ಆರಂಭದ ಕಾಲದ ಕೆಲವು ಆಟಗಳು ಹೊಸ ಬೋರ್ಡಿನಲ್ಲಿ ಕೀಲಿ ಒತ್ತಿದರೂ ಸುಮ್ಮನಿರುತ್ತವೆ. ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರುವುದೇ, ಎಮ್ಯುಲೇಟರುಗಳಲ್ಲಿ ಅದಕ್ಕೆ ಆಯ್ಕೆಯೂ ಇದೆ. ಭಾರತದಲ್ಲಿ ಮಾರಾಟವಾದ ಪೆಟ್ಟಿಗೆಗಳೊಳಗೆ ಯಾವ ಬೋರ್ಡುಗಳಿದ್ದವು, ಯಾರು ತಯಾರಿಸಿದ ಝಡ್80 ಇತ್ತು ಎಂಬ ಪಟ್ಟಿ ಮಾಡುವ ಆಸೆ ನನ್ನದು.

ಆದ್ದರಿಂದ ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇಂಥದೊಂದು ಪೆಟ್ಟಿಗೆಯಿದ್ದರೆ, ದಯವಿಟ್ಟು ಕೈಗೆ ಸಿಕ್ಕಿದ ಅಡಾಪ್ಟರನ್ನು ಚುಚ್ಚಿ ನೋಡಬೇಡಿ. ಇದಕ್ಕೆ 9 ವೋಲ್ಟ್ ಬೇಕು, ಮತ್ತು ಇಂದಿನ ಬಹುಪಾಲು ಅಡಾಪ್ಟರುಗಳಿಗೆ ವಿರುದ್ಧವಾಗಿ ಇದರ ಪಿನ್ನಿನ ನಡುಭಾಗ ಋಣ. ತಿರುಗುಮುರುಗಾದರೆ ಒಳಗಿನ ವಿದ್ಯುತ್ ಭಾಗ ಸುಡುತ್ತದೆ, ಜೊತೆಗೆ ಮೆಮೊರಿ ಚಿಪ್‌ಗಳೂ ಹೋಗಬಹುದು. ಇಷ್ಟು ವರ್ಷಗಳಲ್ಲಿ ಒಣಗಿರುವ ಕೆಪಾಸಿಟರುಗಳನ್ನು ರಿಪೇರಿ ಬಲ್ಲವರಿಂದ ಬದಲಾಯಿಸಿಕೊಳ್ಳಿ. ಅದಕ್ಕೂ ಮೊದಲು, ಆನ್ ಮಾಡದೆಯೇ, ತಳದ ಸ್ಕ್ರೂಗಳನ್ನು ಬಿಚ್ಚಿ, ಕೀಬೋರ್ಡಿನ ಪಟ್ಟಿ ಹರಿಯದಂತೆ ಮುಚ್ಚಳವನ್ನು ಮೆಲ್ಲನೆ ಎತ್ತಿ, ಬೋರ್ಡಿನ ಮೇಲೆ ಅಚ್ಚಾಗಿರುವ ಆವೃತ್ತಿಯ ಸಂಖ್ಯೆಯೂ ದೊಡ್ಡ ಚಿಪ್‌ಗಳ ಮೇಲಿನ ಅಕ್ಷರಗಳೂ ಓದಲು ಬರುವಂತೆ ಒಂದು ಫೋಟೋ ತೆಗೆದಿಡಿ. ಯಂತ್ರ ಜೀವಂತವಾಗಿದ್ದರೆ ಪರೀಕ್ಷಾ ಪ್ರೋಗ್ರಾಮನ್ನು ಆನ್ ಮಾಡಿದ ಕೂಡಲೇ ಒಮ್ಮೆ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಓಡಿಸಿ, ಎರಡೂ ಪಟ್ಟಿಗಳನ್ನು ಬರೆದುಕೊಳ್ಳಿ. ಎರಡೂ ಒಂದೇ ಆಗಿ ಬಂದರೂ ಬರೆದುಕೊಳ್ಳಿ, ಅದೂ ಬೇಕಾದ ಮಾಹಿತಿಯೇ.